ಒಂಬತ್ತನೇ ಫ್ರಿಜ್ಜಿನ ‘ಸರಿ’

ಮಕ್ಕಳ ವಾರ್ಡಿನ ನರ್ಸ್ ಲಸಿಕೆಯ ಪೆಟ್ಟಿಗೆಗೆ ಕೈಯಿಟ್ಟವಳು ಹಾಗೇ ನಿಂತಳು. ಮುಟ್ಟಿದರೆ ಕೈ ಕೊರೆಯಬೇಕಿದ್ದ ಪೆಟ್ಟಿಗೆ ಬೆಚ್ಚಗಿತ್ತು. ಒಂಬತ್ತನೇ ಫ್ರಿಜ್ಜಿನದು. ಜೊತೆಗೆ ಬಂದ ಕಾಗದದಲ್ಲಿ ಮಾತ್ರ ದಪ್ಪಕ್ಷರದಲ್ಲಿ — ಸರಿ.

ಅರ್ಧ ಗಂಟೆಯೊಳಗೆ ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಎಲ್ಲರ ಬೆರಳೂ ಶೀಟಮ್ಮನತ್ತ ತಿರುಗಿತ್ತು. ಟೈಪಿಸ್ಟಾಗಿ ಸೇರಿ, ತಾನೇ ಕಲಿತು ಕಂಪ್ಯೂಟರಿನ ಶೀಟುಗಳಿಗೆ ಮ್ಯಾಕ್ರೋ — ಒಂದು ಗುಂಡಿಗೆ ತಾನೇ ಕೆಲಸ ಮುಗಿಸುವ ಪುಟ್ಟ ಪ್ರೋಗ್ರಾಂ — ಬರೆದವಳು. ಅದಕ್ಕೇ ಆ ಅಡ್ಡಹೆಸರು. ಹದಿನಾಲ್ಕು ಫ್ರಿಜ್ಜು, ಫ್ರಿಜ್ಜಿಗೊಂದು ಶೀಟು. ಬೆಳಗ್ಗೆ ಮೆಕ್ಯಾನಿಕ್ ಒಂದೊಂದರ ಡಿಗ್ರಿ ನೋಡಿ ತುಂಬುತ್ತಾನೆ. ಒಂಬತ್ತು ಗಂಟೆಗೆ ಶೀಟಮ್ಮ ಗುಂಡಿ ಒತ್ತಿದರೆ ಅವಳ ಮ್ಯಾಕ್ರೋ ಪ್ರತಿ ಶೀಟಿನ ಕೊನೆಗೂ ಹೋಗಿ ಒಂದೇ ಫಾರ್ಮುಲಾ ಕೂರಿಸುತ್ತದೆ. ಎಂಟು ಡಿಗ್ರಿ ದಾಟಿದ್ದರೆ ‘ಬೇಡ’, ಇಲ್ಲದಿದ್ದರೆ ‘ಸರಿ’. ಗುಂಡಿ ಒತ್ತಿ ಅವಳು ನೋಂದಣಿ ಕೌಂಟರಿಗೆ ಓಡಬೇಕು. ನೋಡಿ, ಪ್ರಿಂಟ್ ತೆಗೆದು, ರುಜು ಹಾಕುವುದು ಮೇಲ್ವಿಚಾರಕ.

ಇವತ್ತು ಒಂಬತ್ತನೇ ಶೀಟಿನಲ್ಲಿ ಇಪ್ಪತ್ತೆರಡು ಡಿಗ್ರಿ ಎಂದು ಕಣ್ಣಿಗೆ ಹೊಡೆದಂತಿತ್ತು. ಕೆಳಗೆ — ಸರಿ.

ಊಟದ ಹೊತ್ತಿನೊಳಗೆ ಬೇರೆ ಕಾರಣ ಸಿಗದಿದ್ದರೆ ಅವಳ ಕೆಲಸ ಹೋದಂತೆಯೇ ಎಂದು ಹಿರಿಯ ಡಾಕ್ಟರು ಹೇಳಿಬಿಟ್ಟರು. ಶೀಟಮ್ಮ ಆಗಲೇ ಮ್ಯಾಕ್ರೋ ತೆರೆದು ಮೂರು ಸಲ ಕೋಡ್ ಓದಿದ್ದಳು. ತಪ್ಪು ಸಿಕ್ಕಿರಲಿಲ್ಲ. ಸಿಗದಿದ್ದದ್ದಕ್ಕೇ ಹೆದರಿಕೆ.

ವಿಚಾರಣೆಗೆ ಬಂದವರು ಹಿಂದೆ ಇದೇ ಉಗ್ರಾಣ ನೋಡಿಕೊಂಡಿದ್ದ ಕನ್ನಡಕದಮ್ಮ. ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದದ್ದು ಶೀಟಮ್ಮ, ಮೆಕ್ಯಾನಿಕ್, ಮೇಲ್ವಿಚಾರಕ — ಈ ಮೂವರಿಗೇ. ಕಂಡದ್ದನ್ನು ಕಂಡಂತೆ ತುಂಬಿದ್ದೇನೆ ಎಂದ ಮೆಕ್ಯಾನಿಕ್. ಕಾಗದದಲ್ಲಿ ‘ಸರಿ’ ಇತ್ತು, ರುಜು ಹಾಕಿದೆ ಎಂದ ಮೇಲ್ವಿಚಾರಕ.

“ಮೆಷಿನ್ನಿಗೇ ಪಾಠ ಹೇಳೋಕೆ ಹೋದೋಳಲ್ವಾ,” ಎಂದು ಸೇರಿಸಿದ. “ಒಂದು ಶೀಟು ಬಿಟ್ಟುಹೋಗಿದೆ, ಅಷ್ಟೆ.”

“ಹೌದಾ?” ಎಂದರು ಕನ್ನಡಕದಮ್ಮ. “ಎಲ್ಲರೂ ಒಂಬತ್ತನೇದನ್ನೇ ನೋಡಿದಿರಿ. ಹತ್ತನೇದನ್ನ ಯಾರಾದರೂ ನೋಡಿದಿರಾ?”

ಕನ್ನಡಕದಮ್ಮ ಹತ್ತನೇ ಶೀಟಿನ ‘ಸರಿ’ಯ ಮೇಲೆ ಒತ್ತಿದರು. ಹಿಂದೆ ಫಾರ್ಮುಲಾ ಇಲ್ಲ — ಯಾರೋ ಟೈಪ್ ಮಾಡಿದ ಬರೀ ಪದ. ಮೊದಲನೆಯದರಲ್ಲೂ ಅಷ್ಟೆ. ಹದಿನಾಲ್ಕು ಶೀಟಿನಲ್ಲೂ ಅಷ್ಟೆ. ಉಳಿದ ಫ್ರಿಜ್ಜುಗಳು ನಿಜವಾಗಿಯೂ ಸರಿ ಇದ್ದವಲ್ಲ, ಯಾರಿಗೂ ಅನುಮಾನ ಬಂದಿರಲಿಲ್ಲ.

“ಈಗ ಗುಂಡಿ ಒತ್ತಮ್ಮ.”

ಶೀಟಮ್ಮ ಒತ್ತಿದಳು. ಹದಿನಾಲ್ಕು ಶೀಟಿಗೂ ಫಾರ್ಮುಲಾ ಬಂದು ಕೂತಿತು. ಒಂಬತ್ತರಲ್ಲಿ — ಬೇಡ.

“ಬೆಳಗ್ಗೆಯೂ ಹೀಗೇ ಬಂದಿತ್ತು,” ಎಂದರು ಕನ್ನಡಕದಮ್ಮ. “ಆಮೇಲೆ ಯಾರೋ ಅದರ ಮೇಲೆ ‘ಸರಿ’ ಅಂತ ಟೈಪ್ ಮಾಡಿದ್ದಾರೆ. ಎಲ್ಲ ಶೀಟನ್ನೂ ಒಟ್ಟಿಗೆ ಹಿಡಿದು, ಅಂದ್ರೆ ಸೆಲೆಕ್ಟ್ ಮಾಡಿ, ಒಂದರಲ್ಲಿ ಬರೆದರೆ ಎಲ್ಲದರಲ್ಲೂ ಬೀಳುತ್ತೆ. ಮೆಕ್ಯಾನಿಕ್ ಹಾಗೆ ಹಿಡಿದಿದ್ದರೆ ಎಲ್ಲ ಫ್ರಿಜ್ಜಿಗೂ ಒಂದೇ ಡಿಗ್ರಿ ಬೀಳಬೇಕಿತ್ತು, ಬಿದ್ದಿಲ್ಲ. ಇವಳಿಗೆ ಹಿಡಿಯೋ ಅಗತ್ಯವೇ ಇಲ್ಲ, ಮ್ಯಾಕ್ರೋ ತಾನೇ ಹೋಗುತ್ತೆ. ಇಲ್ಲಿ ಎಲ್ಲ ಶೀಟನ್ನೂ ಒಟ್ಟಿಗೆ ಹಿಡಿಯೋದು ಒಂದೇ ಕೆಲಸಕ್ಕೆ — ಪ್ರಿಂಟ್ ತೆಗೆಯೋಕೆ. ಹಿಡಿದ ಮೇಲೆ ‘ಬೇಡ’ ಕಣ್ಣಿಗೆ ಬಿತ್ತು. ಬಿಡಿಸೋದು ಮರೆತು ತಿದ್ದಿದರು. ಅಲ್ವಾ ಮೇಲ್ವಿಚಾರಕರೇ, ಹದಿನಾಲ್ಕು ಶೀಟಲ್ಲೂ ತಿದ್ದಿದಿರಲ್ಲ?”

“ಇಲ್ಲಮ್ಮ, ನಾನು ಒಂಬತ್ತರಲ್ಲಿ ಮಾತ್ರ —”

ಬಾಯಿ ತಪ್ಪಿ ಬಂದಿತ್ತು. ಮೆಕ್ಯಾನಿಕ್ ಮುಖ ತಿರುಗಿಸಿಕೊಂಡ. ನಿನ್ನೆ ಸಂಜೆ ಒಂಬತ್ತನೆಯದರ ಬಾಗಿಲು ಸರಿಯಾಗಿ ಹಾಕದೆ ಹೋದದ್ದು ತಾನೇ ಎಂದು ಮೇಲ್ವಿಚಾರಕ ತಲೆ ತಗ್ಗಿಸಿ ಒಪ್ಪಿಕೊಂಡ. ಲಸಿಕೆಯೆಲ್ಲ ಎಸೆಯಬೇಕಾದರೆ ಯಾಕೆಂದು ಬರೆದುಕೊಡಬೇಕಿತ್ತು; ಅದನ್ನು ತಪ್ಪಿಸಿಕೊಳ್ಳಲು ತಿದ್ದಿದ್ದ.

“ನಾಳೆಯಿಂದ ನೋಡಿ ರುಜು ಹಾಕೋರು ಯಾರು?” ಡಾಕ್ಟರು ಕೇಳಿದರು. ಕನ್ನಡಕದಮ್ಮ ಶೀಟಮ್ಮನನ್ನು ನೋಡಿದರು.

ಅವಳು ಕುರ್ಚಿ ಎಳೆದು ಕೂತಳು.

“ಹಾಕ್ತೀನಿ ಸಾರ್,” ಎಂದಳು. “ಒಂದೊಂದು ಶೀಟಿಗೆ ಒಂದೊಂದು ಸಲ.”