ಮೊದಲ ಸಾಲು

ಹೊಸ ಕಂಪ್ಯೂಟರ್ ಬಂದ ದಿನವೇ ಅದನ್ನು ಜೋಡಿಸಲು ಅವನೂ ಬಂದ. ನಮ್ಮ ವಿಭಾಗದಲ್ಲಿ ಎಲ್ಲರೂ ಅವನನ್ನು ರೀಸ್ಟಾರ್ಟ್ ಎನ್ನುತ್ತಿದ್ದರು. ಯಾರು ಏನು ತೊಂದರೆ ಎಂದು ಫೋನ್ ಮಾಡಿದರೂ ಅವನ ಮೊದಲ ಉತ್ತರ ಅದೇ.

"ನಿಮಗೂ ಅದೇ ಹೇಳ್ತಿದ್ದೆ ಮೇಡಮ್," ಎಂದ, ಮೇಜಿನ ಕೆಳಗೆ ವೈರ್ ಹುಡುಕುತ್ತಾ. "ಆದ್ರೆ ಈ ಮಷೀನ್ ಇನ್ನೂ ಸ್ಟಾರ್ಟೇ ಆಗಿಲ್ಲ."

ನಾನು ನಗಲಿಲ್ಲ. ಏಕೆ ನಗಲಿಲ್ಲವೆಂದು ನೋಡಲು ತಲೆ ಎತ್ತಿದ. ಮೇಜಿನ ಅಂಚು ಹಣೆಗೆ ಬಡಿಯಿತು. ಆಗ ನಕ್ಕೆ.

"ಪರವಾಗಿಲ್ಲ, ಈ ತಲೆ ಇಷ್ಟಕ್ಕಾದ್ರೂ ಉಪಯೋಗಕ್ಕೆ ಬಂತು."

ವಿಶ್ವವಿದ್ಯಾಲಯದ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ ನನ್ನ ಕೆಲಸ. ಹಾಳೆಗೆ ಅಂಟಿಸಿದ ಗಿಡಗಳ ಫೋಟೊ ತೆಗೆಯುತ್ತೇವೆ. ಪ್ರತಿ ಫೋಟೊಗೂ ಹಾಳೆಯ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಅದರ ಫೋಲ್ಡರಿಗೆ ಸೇರಿಸಬೇಕು. ಕೈಯಲ್ಲಿ ಮಾಡಿದರೆ ವಾರ ಹಿಡಿಯುವ ಕೆಲಸವನ್ನು ಹತ್ತು ಸಾಲಿನ ಕಂಪ್ಯೂಟರ್ ಸ್ಕ್ರಿಪ್ಟ್ ಎರಡು ನಿಮಿಷದಲ್ಲಿ ಮುಗಿಸುತ್ತದೆ. ಆ ಹತ್ತು ಸಾಲು ಬರೆಯಲು ಕಲಿಸಿದವನು ನನ್ನ ಗಂಡ. ಅವನು ತೀರಿಹೋಗಿ ಎರಡು ವರ್ಷವಾಗಿತ್ತು.

ಕೋಡ್ ಬರೆಯುವ ಎಡಿಟರ್ ಹಾಕಿಕೊಡಲು ಅರ್ಧ ಗಂಟೆ ಸಾಕು. ರೀಸ್ಟಾರ್ಟ್ ಮೂರು ದಿನ ತೆಗೆದುಕೊಂಡ.

ಮೊದಲ ದಿನ ಅಕ್ಷರದ ಅಳತೆ. ಒಂದೊಂದೇ ಹೆಚ್ಚಿಸುತ್ತಾ ಹಿಂದೆ ಹಿಂದೆ ಹೋಗಿ ಕಿಟಕಿಗೆ ಬೆನ್ನು ತಾಗಿಸಿ ನಿಂತ. "ಇಲ್ಲಿಂದಲೂ ಓದೋಕಾಗತ್ತೆ."

"ನಾನು ಅಲ್ಲಿ ಕೂತು ಕೆಲಸ ಮಾಡಲ್ವಲ್ಲ."

"ನಾನು ಇಲ್ಲಿ ನಿಂತಿರ್ತೀನಲ್ಲ."

ಎರಡನೆಯ ದಿನ ಪರದೆಯ ಬಣ್ಣ. ಯಾವ ಬಣ್ಣ ಇಷ್ಟವೆಂದು ಕೇಳಿದ. ಮೇಜಿನ ಮೇಲಿದ್ದ ಹಾಳೆ ತೋರಿಸಿದೆ. ಅದರಲ್ಲಿದ್ದ ಎಲೆ ಹಸಿರೂ ಅಲ್ಲ, ಕಂದೂ ಅಲ್ಲ. ಅವನು ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದುಕೊಂಡು ಸಂಜೆಯವರೆಗೆ ಬಣ್ಣ ಹೊಂದಿಸಿದ. ನಡುವೆ ಒಮ್ಮೆ ಪರದೆ ಕಪ್ಪಾಯಿತು. ಅದರಲ್ಲಿ ನಮ್ಮಿಬ್ಬರ ಮುಖ ಕಂಡಿತು. ಅವನು ನನ್ನ ಕಡೆ ತಿರುಗಿರಲಿಲ್ಲ. ಪರದೆಯೊಳಗಿನ ನನ್ನನ್ನು ನೋಡುತ್ತಿದ್ದ. ನಾನೂ ಕಣ್ಣು ತೆಗೆಯಲಿಲ್ಲ.

ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಾ ಕೇಳಿದರು, "ಆಫೀಸಲ್ಲಿ ಏನಮ್ಮಾ ವಿಶೇಷ? ಮುಖ ಬೇರೆ ಥರ ಇದೆ."

"ಹೊಸ ಕಂಪ್ಯೂಟರ್ ಬಂದಿದೆ."

"ಹೂಂ," ಎಂದರು. ಇನ್ನೊಂದು ಬಟ್ಟೆ ಎತ್ತಿಕೊಂಡು, "ನಕ್ಕರೆ ಯಾರೂ ಬಯ್ಯಲ್ಲ. ನಾನಂತೂ ಬಯ್ಯಲ್ಲ." ಅವರು ಮಡಚುತ್ತಿದ್ದದ್ದು ಮಗನ ಹಳೆಯ ಶರ್ಟು. ಅದನ್ನೀಗ ನಾನು ಮನೆಯಲ್ಲಿ ಹಾಕಿಕೊಳ್ಳುತ್ತೇನೆ.

ಮೂರನೆಯ ದಿನ ಅವನು ಕೇಳಿದ, "ಎಡಿಟರ್‌ಗೆ ನಿಮ್ಮದು ಹಳೇ ಅಕೌಂಟ್ ಇದ್ಯಾ?"

ಇತ್ತು. ಗಂಡನೇ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಟ್ಟು ಮುಖ್ಯಸ್ಥರ ಕೋಣೆಗೆ ಮೀಟಿಂಗಿಗೆ ಹೋದೆ. ಹಿಂದಿರುಗಿದಾಗ ಕುರ್ಚಿ ಖಾಲಿ. ತಟ್ಟೆ ಮುಚ್ಚಿಟ್ಟ ಟೀ. ಪರದೆಯ ಮೇಲೆ ಎಲೆಯ ಬಣ್ಣ, ಮೇಲ್ಗಡೆ ಒಂದೇ ಸಾಲು:

# ಆರು ಗಂಟೆಗೆ ಗೇಟಿನ ಹತ್ತಿರ ಇರ್ತೀನಿ. ಬರ್ತೀರಾ? ಇಷ್ಟ ಇಲ್ಲದಿದ್ರೆ ಈ ಸಾಲು ಅಳಿಸಿಬಿಡಿ, ನಾನು ಬರೆದೇ ಇಲ್ಲ.

ಆ ಗುರುತು ಹಾಕಿ ಬರೆದದ್ದನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನುಷ್ಯರು ಮನುಷ್ಯರಿಗೆ ಬರೆಯುವ ಸಾಲು ಅದು.

ನನ್ನ ಕಿವಿ ಬಿಸಿಯಾಯಿತು. ಹೋಗಬೇಕೆಂದೇ ಇದ್ದೆ. ಇದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಟೀ ಕುಡಿದು, ಅಭ್ಯಾಸಬಲದಿಂದ ಹೊಸ ಫೈಲ್ ತೆರೆದೆ. 'ಶುರು' ಎಂದು ಟೈಪ್ ಮಾಡಿ ಟ್ಯಾಬ್ ಒತ್ತಿದೆ. ಏನೂ ಬರಲಿಲ್ಲ. ಕರ್ಸರ್ ನಾಲ್ಕು ಅಕ್ಷರದಷ್ಟು ಮುಂದೆ ಹೋಗಿ ನಿಂತಿತು.

ಕೆಲಸ ಕಲಿಯುವಾಗ ಒಮ್ಮೆ ನನ್ನ ಸ್ಕ್ರಿಪ್ಟ್ ನಾನೂರು ಫೋಟೊಗಳ ಹೆಸರು ಕೆಡಿಸಿತ್ತು. ಬೇರೆ ಪ್ರತಿ ಇರಲಿಲ್ಲ. ಅಂದು ಮನೆಗೆ ಹೋಗಿ ಅತ್ತಿದ್ದೆ. ಗಂಡ ಎಡಿಟರಿನಲ್ಲಿ ಒಂದು ಶಾರ್ಟ್‌ಕಟ್ ಮಾಡಿಟ್ಟ. 'ಶುರು' ಎಂದು ಬರೆದು ಟ್ಯಾಬ್ ಒತ್ತಿದರೆ ಮೊದಲ ಸಾಲು ತಾನಾಗಿ ಬರುತ್ತಿತ್ತು: ನಿಧಾನ. ಮೊದಲು ನಕಲು ತೆಗೆದಿಟ್ಕೋ, ಆಮೇಲೆ ಕೈ ಹಾಕು, ಕೋತಿ.

ಫೋನ್ ಮಾಡಿದೆ. ರೀಸ್ಟಾರ್ಟ್ ಎರಡೆರಡು ಮೆಟ್ಟಿಲು ಹತ್ತಿ ಬಂದ. ನಗುತ್ತಲೇ ಬಂದವನು ನನ್ನ ಮುಖ ನೋಡಿ ನಿಂತ.

"ಹಳೆ ಸೆಟ್ಟಿಂಗ್ ಎಲ್ಲಿ?"

"ಅದು... ಹೊಸದಕ್ಕೂ ಅಕೌಂಟಲ್ಲಿದ್ದ ಹಳೇದಕ್ಕೂ ಹೊಂದ್ತಿರಲಿಲ್ಲ. ಯಾವುದನ್ನ ಇಟ್ಕೊಳ್ಳಲಿ ಅಂತ ಎಡಿಟರ್ ಕೇಳ್ತು. ನಾವು ಮಾಡಿದ್ದು ಇರ್ಲಿ ಅಂತ ಹಳೇದೆಲ್ಲ ಕ್ಲಿಯರ್ ಮಾಡಿ ಹೊಸದಾಗಿ ಹಾಕ್ದೆ. ಏನಾದ್ರೂ ಬೇಕಿತ್ತಾ?"

ಹೇಳಿದೆ. ಅವನು ಕೂತ. ಅಕೌಂಟಿನಲ್ಲಿ ಹುಡುಕಿದ. ನನ್ನ ಹಳೆಯ ಕಂಪ್ಯೂಟರನ್ನು ಸೋಮವಾರವೇ ಅಳಿಸಿ ಸ್ಟೋರಿಗೆ ಕಳಿಸಿದ್ದ, ಅವನೇ. ಗಂಡನ ಲ್ಯಾಪ್‌ಟಾಪ್ ಕಂಪನಿಯದು, ಆಗಲೇ ವಾಪಸ್ ಹೋಗಿತ್ತು.

"ನಿಮ್ಮ ಹಳೆ ಸ್ಕ್ರಿಪ್ಟ್‌ಗಳು ಸರ್ವರ್‌ನಲ್ಲಿವೆ," ಎಂದ ತಟ್ಟನೆ. "ಎಲ್ಲದರ ಮೇಲೂ ಆ ಸಾಲು ಇರ್ಲೇಬೇಕಲ್ವಾ?"

ಹನ್ನೊಂದು ಸ್ಕ್ರಿಪ್ಟ್. ಒಂದೊಂದಾಗಿ ತೆರೆದ. ನಾನು ತಡೆಯಲಿಲ್ಲ. ಯಾವುದರಲ್ಲೂ ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

"ಇಲ್ಲಿ ಯಾಕಿಲ್ಲ?"

"ಯಾರಾದ್ರೂ ನೋಡಿ ನಗ್ತಾರೆ ಅಂತ ನಾನೇ ಅಳಿಸ್ತಿದ್ದೆ. ಸಾಲು ಬರೋದು, ಅಳಿಸೋದು, ಆಮೇಲೆ ಕೆಲಸ. ದಿನಾ."

ಅವನು ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡ. "ಸಾಲು ಹೇಳಿ. ನಾನೇ ಮತ್ತೆ ಮಾಡಿಕೊಡ್ತೀನಿ, ಅದೇ ಥರ."

ಬಾಯಿ ತೆರೆದೆ. 'ನಿಧಾನ' ಎನ್ನುವವರೆಗೆ ಬಂತು. ಅವನ ಬೆರಳು ಆಗಲೇ ಅದನ್ನು ಬರೆದಿತ್ತು. ಅಕ್ಷರಗಳು ಎಲೆಯ ಬಣ್ಣದ ಮೇಲೆ ತುಂಬ ಚೆನ್ನಾಗಿ ಕಾಣುತ್ತಿದ್ದವು.

"ಬೇಡ," ಎಂದೆ.

ಅವನು ತಾನು ಬರೆದದ್ದನ್ನು ಅಳಿಸಿದ. "ಆರು ಗಂಟೆದೂ ಬೇಡ ಅಲ್ವಾ?"

"ನಿಮ್ಮ ಮೇಲೆ ಕೋಪ ಇಲ್ಲ. ಇದ್ದಿದ್ರೆ ಒಂದು ವಾರ ಜಗಳ ಆಡಿ ಬರ್ತಿದ್ದೆ. ನೀವು ಅಳಿಸಿದ್ದು ಒಂದೇ ಸಲ. ನಿಮ್ಮನ್ನ ನೋಡಿದಾಗೆಲ್ಲ ನಾನು ಅಳಿಸಿದ್ದು ನೆನಪಾಗತ್ತೆ."

"ನಾನು ಕಾಯ್ಬೋದು."

"ಕಾಯಬೇಡಿ. ಕಾಯ್ತಿದೀರಿ ಅಂತ ಗೊತ್ತಾದ್ರೆ ನಾನು ಬಂದುಬಿಡ್ತೀನಿ. ಅದು ಚೆನ್ನಾಗಿರಲ್ಲ."

ಅವನು ಎದ್ದ. ಹಣೆಯಲ್ಲಿ ಮೊದಲ ದಿನದ ಗಾಯ ಇನ್ನೂ ಮಸುಕಾಗಿ ಕಾಣುತ್ತಿತ್ತು. ಬಾಗಿಲ ಬಳಿ ನಿಂತು, "ಏನಾದ್ರೂ ತೊಂದರೆ ಆದ್ರೆ..." ಎಂದ.

"ರೀಸ್ಟಾರ್ಟ್ ಮಾಡ್ತೀನಿ."

ನಗಲು ನೋಡಿದ. ಆಗಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಹೋದ. ಮುಂದಿನ ವಾರದಿಂದ ನಮ್ಮ ಮಹಡಿಗೆ ಬೇರೆಯವರು ಬರತೊಡಗಿದರು.

ಅಂದು ಆರಕ್ಕೆ ಐದು ನಿಮಿಷವಿರುವಾಗ ಅವನ ಫೈಲ್ ಮತ್ತೆ ತೆರೆದೆ. ಸಾಲು ಅಲ್ಲೇ ಇತ್ತು. ಇಷ್ಟವಿಲ್ಲದಿದ್ದರೆ ಅಳಿಸಿ ಎಂದಿದ್ದ. ಇಷ್ಟವಿದ್ದೂ ಅಳಿಸಬೇಕಾದರೆ ಏನು ಮಾಡಬೇಕೆಂದು ಬರೆದಿರಲಿಲ್ಲ.

ಅದನ್ನು ನನ್ನ ಗಂಡ ಎಂದೋ ಬರೆದಿಟ್ಟಿದ್ದ. ಮೊದಲು ನಕಲು ತೆಗೆದಿಟ್ಟುಕೊಂಡೆ. ಆಮೇಲೆ ಅಳಿಸಿದೆ.