ಬಿಸಿಯಲ್ಲಿ ಜಾರಿದ ಪದರ

ಬೊಂಬೆ ಕಡೆಯುವ ಮಕ್ಬೂಲ್ ಸಾಹೇಬರು ಸರಸಮ್ಮನ ಜಗಲಿಗೆ ಬಂದದ್ದು ಮನೆ ಅಳಿಯನ ಮೇಲೆ ದೂರು ಹೊತ್ತು. ರಿಟೈರಾದ ಸೈನ್ಸ್ ಟೀಚರ್ ಸರಸಮ್ಮನವರ ಹತ್ತಿರವೇ ಚನ್ನಪಟ್ಟಣದ ಕಗ್ಗಂಟುಗಳೆಲ್ಲ ಬರುತ್ತಿದ್ದವು. ಅವರ ಸ್ಕೂಟರ್ ಸಾರಥಿ ದೇವರಾಜು ಅವರಿಗಿಂತ ಮೊದಲೇ ಕಳ್ಳನನ್ನು ಹಿಡಿಯುತ್ತಿದ್ದ, ಪ್ರತಿ ಸಲವೂ ತಪ್ಪು ಕಳ್ಳನನ್ನು.

“ಬೇಕಂತ್ಲೇ ಕೆಡಿಸ್ತಾವ್ನೆ ಮೇಡಂ. ಬಿಡದಿ ಫ್ಯಾಕ್ಟ್ರಿಯೋರು ಕೇಳಿದ ಸರ್ಕ್ಯೂಟ್ ಬೋರ್ಡು ಒಂದೂ ಸರಿಯಾಗ್ಲಿಲ್ಲ. ಅವ್ನು ರಾಮನಗರಕ್ಕೆ ಹೊರಡ್ಲಿ. ನನ್ ಮಗಳು ಇಲ್ಲೇ ಇರ್ತಾಳೆ.”

ಸಾಹೇಬರ ಮನೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬಣ್ಣದ ದೂಳು ತೇಲುತ್ತಿತ್ತು. ಅರಗಿನ ವಾಸನೆಗೆ ದೇವರಾಜುವಿಗೆ ಕಣ್ಣು ತೆರೆದೇ ಕನಸು ಕಂಡಂತಾಯಿತು. ಅಳಿಯ ತೌಹೀದ್, ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗ, ಗೋಡೆಗೊರಗಿ ನಿಂತಿದ್ದ. ತಾಮ್ರದ ಗೆರೆಗಳಿರುವ ಪದರಗಳನ್ನು ಒಂದರ ಮೇಲೊಂದಿಟ್ಟು, ಮೂಲೆಯ ತೂತುಗಳಿಗೆ ಮಾವ ಕಡೆದುಕೊಟ್ಟ ಮರದ ಮೊಳೆ ತೂರಿಸಿ, ಬಿಸಿ ತಗಡುಗಳ ನಡುವೆ ಒತ್ತಿ ಅಂಟಿಸುವುದು ಅವನ ಕೆಲಸ. ಪದರ ಕೂದಲೆಳೆಯಷ್ಟು ಸರಿದರೂ ಬೋರ್ಡು ದಂಡ.

“ತೂತು ವಾರೆ ಕೊರ್ದವ್ನೆ, ಅಷ್ಟೇಯ,” ಎಂದ ದೇವರಾಜು.

ಸರಸಮ್ಮ ಬೋರ್ಡನ್ನು ಬೆಳಕಿಗೆ ಹಿಡಿದರು. ನಾಲ್ಕು ಮೂಲೆಯಲ್ಲೂ ಮೇಲಿನ ಪದರ ಒಂದೇ ಕಡೆಗೆ, ಒಂದೇ ಅಳತೆ ಸರಿದಿತ್ತು. “ಒತ್ತೋಕ್ ಮುಂಚೆ ಹೆಂಗಿತ್ತು?”

“ನಾನೇ ನೋಡ್ದೆ. ಒಸಿನೂ ಆಚೀಚೆ ಇರ್ಲಿಲ್ಲ,” ಎಂದಳು ಮಗಳು ಅಸ್ರಾ. ಹೇಳಿ ಗಂಡನ ಪಕ್ಕಕ್ಕೆ ಬಂದು ನಿಂತಳು.

ಸರಸಮ್ಮ ಫಳಫಳ ಹೊಳೆಯುವ ಮೊಳೆಯೊಂದನ್ನು ಬಿಸಿ ತಗಡಿನ ಮೇಲಿಟ್ಟು, ತೆಗೆದು, ಉಗುರಿನಿಂದ ಒತ್ತಿದರು. ಆಮೇಲೆ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿಕೊಂಡರು.

“ತೂತು ವಾರೆಯಾಗಿದ್ರೆ ಅಸ್ರಾಗೆ ಮುಂಚೇನೇ ಕಾಣ್ತಿತ್ತು. ಪದರ ಹಿಗ್ಗಿದ್ರೆ ಒಂದೊಂದು ಮೂಲೇಲಿ ಒಂದೊಂದು ಅಳತೆ ಬರ್ತಿತ್ತು. ಇದು ಇಡಿಯಾಗಿ ಜಾರೈತೆ, ಅದೂ ಯಾರ ಕೈಯೂ ಹೋಗದ ಬಿಸಿ ತಗಡಿನ ನಡುವೆ. ಅಲ್ಲಿದ್ದದ್ದು ಮೊಳೆ ಮಾತ್ರ. ಮೊಳೆಗೆ ಬಣ್ಣ ಬೆರೆಸದ ಅರಗು ಹಾಕಿದ್ದೀರಾ, ಸಾಹೇಬ್ರೆ?”

“ಹಾಕ್ದೆ ಇರ್ತೀನಾ? ಬರೀ ಮರ ನನ್ ಕೈ ಬುಟ್ಟು ಹೋಗಿದ್ದೇ ಇಲ್ಲ.”

“ತಣ್ಣಗಿದ್ದಾಗ ಅರಗಿನಿಂದ್ಲೇ ಮೊಳೆ ಬಿಗಿ. ಬಿಸಿಗೆ ಅದು ಕರಗ್ತು, ತೂತು ಸಡಿಲವಾಯ್ತು, ಪದರ ಜಾರ್ತು. ಹೊಳಪು ಬರೀ ಪಾಲಿಶು ಅಂದ್ಕೊಂಡ ನಿಮ್ಮ ಅಳಿಯ.”

ಸಾಹೇಬರ ಮುಖ ಬಾಡಿತು. ತೌಹೀದ್ ತಲೆಯೆತ್ತಿದ. “ಮೊಳೆ ಬಿಸಿಗೆ ಹೋಗ್ತದೆ, ಬರೀ ಮರ ಸಾಕು ಅಂತ ಕೇಳಿದ್ರೆ ಹೇಳ್ತಿದ್ದೆ ಮಾಮು. ನೀವು ಒಂದ್ ಮಾತೂ ಕೇಳ್ಲಿಲ್ಲ.”

ಸಾಹೇಬರು ಲೇತಿಗೆ ಕೂತು ಹೊಸ ಮೊಳೆ ಕಡೆದರು. ಅಭ್ಯಾಸಬಲದಿಂದ ಅರಗಿನ ಕಡ್ಡಿಗೆ ಹೋದ ಕೈ ಅರ್ಧದಲ್ಲೇ ನಿಂತಿತು. ಬರೀ ಮರದ ಮೊಳೆಯನ್ನು ಅಳಿಯನ ಅಂಗೈಯಲ್ಲಿಟ್ಟರು. ಊರಲ್ಲಿ ಯಾರ ಅಭಿಪ್ರಾಯವನ್ನೂ ಕೇಳದ ಮನುಷ್ಯ ಕೇಳಿದರು:

“ನೋಡಪ್ಪ, ಸರಿಯಾಗೈತಾ?”