ಹದಿನಾಲ್ಕನೇ ವಾರ್ಡಿನ ಹೆಸರುಗಳು

ಏಪ್ರಿಲ್ ಇಪ್ಪತ್ತೈದು, ಬೆಳಿಗ್ಗೆ ಒಂಬತ್ತು ಹತ್ತು. ಪಕೋಕು ಪಟ್ಟಣದ ಪೊಲೀಸ್ ಠಾಣೆಗೆ ವಾರ್ಡ್ ಆಡಳಿತಾಧಿಕಾರಿ ಬ ಖಿನ್ ಏದುಸಿರು ಬಿಡುತ್ತ ಬಂದ.

"ಸೇನಾ ಭರ್ತಿ ರಿಜಿಸ್ಟರ್ ಕಳುವಾಗಿದೆ ಸಾರ್! ಎರಡು ಗಂಟೆಗೆ ಚೀಟಿ ಎತ್ಬೇಕು. ಮಂಡಳಿಯವ್ರು ನನ್ ಚರ್ಮ ಸುಲೀತಾರೆ."

ಸೇನಾ ಮಂಡಳಿ ದೇಶ ಹಿಡಿದು ಮೂರು ವರ್ಷ ದಾಟಿತ್ತು. ಈಗ ಹದಿನೆಂಟು ತುಂಬಿದ ಹುಡುಗರ ಹೆಸರಿನ ಚೀಟಿ ಎತ್ತಿ, ಹೆಸರು ಬಂದವರನ್ನು ದಂಡಿಗೆ ಒಯ್ಯುತ್ತಿದ್ದರು. ಇನ್‌ಸ್ಪೆಕ್ಟರ್ ಟಿನ್ ಶ್ವೆ ಎಫ್‌ಐಆರ್ ದಾಖಲಿಸಿದ.

"ಕಳ್ಳನಿಗೆ ಹಾರ ಹಾಕ್ಬೇಕು," ಎಂದ ಹಿರಿಯ ಪೇದೆ ಜೊ ಲಿನ್.

"ಬಾಯ್ ಮುಚ್ಕೊಂಡು ಜೀಪ್ ತೆಗಿ."

ವಾರ್ಡ್ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ರಿಜಿಸ್ಟರ್ ಇಟ್ಟಿದ್ದ ಬೀರುವಿನ ಬೀಗ ಮುರಿದಿರಲಿಲ್ಲ.

"ಕೀಲಿ ಯಾರ್‍ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಇನ್ನೊಂದನ್ನ ನಿವೃತ್ತಿ ಆದ್ಮೇಲೆ ಗುಮಾಸ್ತೆ ಎಯಿ ಮೊನ್ ವಾಪಸ್ ಕೊಡ್ಲೇ ಇಲ್ಲ."

ಹನ್ನೊಂದೂವರೆಗೆ ಅವಳ ಮನೆ. ಒಲೆಯ ಬೂದಿಯಲ್ಲಿ ರಿಜಿಸ್ಟರಿನ ಅರ್ಧ ಸುಟ್ಟ ಕೆಂಪು ರಟ್ಟು ಸಿಕ್ಕಿತು. ಎಯಿ ಮೊನ್ ಏನನ್ನೂ ಮರೆಮಾಚಲಿಲ್ಲ. ಚಾಪೆ ಹಾಸಿ, ಚಹಾ ಬಗ್ಗಿಸಿ ಕೊಟ್ಟಳು.

"ನೀವೇ ಸುಟ್ರಾ ಅಕ್ಕಾ?"

"ಹೂಂ. ನಾನೇ."

"ಪಟ್ಟೀಲಿ ನಿಮ್ಮ ಹುಡುಗ ಇದ್ನಾ?"

"ನನಗೆಲ್ಲಿ ಮಕ್ಳು? ಇಪ್ಪತ್ತೆಂಟು ವರ್ಷ ಈ ವಾರ್ಡಲ್ಲಿ ಹುಟ್ಟಿದ ಕೂಸುಗಳ ಹೆಸ್ರು ಬರ್ದೋಳು ನಾನು. ಅಪ್ಪಂದಿರು ಬಾಳೆಹಣ್ಣು ತಂದ್ಕೊಟ್ಟು, ಚೆನ್ನಾಗಿ ಬರೀರಮ್ಮ ಅಂತಿದ್ರು. ಆ ಹುಟ್ಟಿನ ಪುಸ್ತಕ ನೋಡ್ಕೊಂಡೇ ಬ ಖಿನ್ ಭರ್ತಿ ಪಟ್ಟಿ ಮಾಡ್ದ. ಯಾರು ಎಲ್ಲಿದ್ದಾರೆ ಅಂತ ನಾನೇ ತೋರಿಸ್ಕೊಟ್ಟಂಗಾಯ್ತಲ್ಲ ತಮ್ಮಾ."

ಟಿನ್ ಶ್ವೆ ಲೋಟ ಕೆಳಗಿಟ್ಟ. ಹೇಳದಿರಲು ನೋಡಿದ; ಆಗಲಿಲ್ಲ.

"ಆ ಪಟ್ಟಿಯ ನಕಲು ರಾಜಧಾನಿಗೆ ಹೋಗಿ ವಾರ ಆಯ್ತು ಅಕ್ಕಾ."

"ಎಲ್ಲಾ ಹೆಸ್ರೂನಾ?"

"ಎಲ್ಲಾ."

ಅವಳು ಲೋಟಗಳನ್ನು ಒಳಗಿಟ್ಟು ಬಂದಳು. ಹನ್ನೆರಡು ನಲವತ್ತಕ್ಕೆ ದಸ್ತಗಿರಿ. ಕೋಳ ತೊಡಿಸಲು ಜೊ ಲಿನ್ ಮುಂದಾಗಲಿಲ್ಲ. ಟಿನ್ ಶ್ವೆಯೇ ತೊಡಿಸಿದ.

ಎರಡು ಗಂಟೆಗೆ ರಾಜಧಾನಿಯಿಂದ ಪಟ್ಟಿ ಬಂತು. ಚೀಟಿ ಎತ್ತಿದರು. ಒಂಬತ್ತು ಹುಡುಗರು ಲಾರಿ ಹತ್ತಿದರು. ತಾಯಂದಿರ ಗೋಳು ಠಾಣೆಯ ತನಕ ಕೇಳಿಸುತ್ತಿತ್ತು.

ವರದಿಯ 'ಅಪರಾಧದ ಉದ್ದೇಶ' ಎಂಬ ಕಡೆ ಟಿನ್ ಶ್ವೆ ಹೀಗೆ ಬರೆದ: 'ತಾನು ಬರೆದಿಟ್ಟ ಹೆಸರುಗಳ ಸಲುವಾಗಿ ಸಂಕಟ.' ನಾಲ್ಕು ಗಂಟೆಗೆ ಬಂದ ಸೇನೆಯ ಕ್ಯಾಪ್ಟನ್ ಅದನ್ನು ಹೊಡೆದುಹಾಕಿ, 'ದೇಶದ್ರೋಹ' ಎಂದು ಬರೆದು ಕಾಗದವನ್ನು ಅವನ ಮುಂದೆ ತಳ್ಳಿದ.

ಟಿನ್ ಶ್ವೆ ಸಹಿ ಹಾಕಿದ.